ಸೈಕಲ್ಲಿಗೊಂದು ಮೋಟರು, ಮೋಟರಿಗೊಂದು ಬ್ಯಾಟರಿ

ಅಳವಂಡಿ ಕೊಪ್ಪಳ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ಎರೆಹೊಲಗಳು. ಕಾಲೇಜಿಗೆ, ಕಚೇರಿ ಕೆಲಸಕ್ಕೆ, ಆಸ್ಪತ್ರೆಗೆ ಇಲ್ಲಿಯವರು ಕೊಪ್ಪಳಕ್ಕೇ ಹೋಗಬೇಕು. ಬಸ್ಸು ತಪ್ಪಿದರೆ ಕಾಯಬೇಕು, ಬೈಕಿದ್ದರೆ ಪೆಟ್ರೋಲು ಹಾಕಿಸಬೇಕು. ಸೈಕಲ್ಲುಗಳಿಗೆ ಮಾತ್ರ ಊರಿನಲ್ಲಿ ಕೊರತೆಯಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ರಾಜ್ಯ ಸರ್ಕಾರದ ಯೋಜನೆ 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆಯಿತು. ಆಗ ಬಂದ ಸೈಕಲ್ಲುಗಳು ಹಳ್ಳಿಯ ಮನೆಗಳ ಮೂಲೆಯಲ್ಲಿ ಇನ್ನೂ ನಿಂತಿರುವುದುಂಟು.

ಅಂಥ ಸೈಕಲ್ಲನ್ನು ಕಂಡ ವಿಜ್ಞಾನದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳುವುದು ಸಹಜ: ಇದಕ್ಕೆ ನಾನೇ ಒಂದು ಮೋಟರು ಮಾಡಿ ಕೂಡಿಸಬಹುದೇ? ಕೂಡಿಸಬಹುದು. ಪಂಪ್‌ಸೆಟ್ ಮೋಟರು ಸುಟ್ಟಾಗ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಗಳು ನಮ್ಮ ಹೋಬಳಿ, ತಾಲ್ಲೂಕು ಕೇಂದ್ರಗಳಲ್ಲಿವೆ. ಸುರುಳಿ ಸುತ್ತುವ ಕೈಚಳಕ ನಮ್ಮ ನಡುವೆಯೇ ಇದೆ. ಆದರೆ ಇಂಥ ಪ್ರಯತ್ನಗಳು ಸೋಲುವುದು ಸಾಮಾನ್ಯವಾಗಿ ಮೋಟರಿನಲ್ಲಲ್ಲ, ಬ್ಯಾಟರಿಯಲ್ಲಿ. ಬೆಳಿಗ್ಗೆ ಉತ್ಸಾಹದಿಂದ ಹೊರಟ ಸೈಕಲ್ಲು ಸಂಜೆ ಅರ್ಧ ದಾರಿಯಲ್ಲಿ ನಿಂತರೆ, ಬ್ಯಾಟರಿಯ ಭಾರವನ್ನೂ ಸೇರಿಸಿ ತುಳಿದುಕೊಂಡು ಮನೆ ಸೇರಬೇಕು. ಹಾಗಾಗದಿರಲು ಏನು ಮಾಡಬೇಕು? ಅಂಗಡಿಗೆ ಹೋಗುವ ಮೊದಲು ಕಾಗದ, ಪೆನ್ಸಿಲು ಹಿಡಿದು ಕೂರಬೇಕು.

ಮೊದಲು ರಸ್ತೆಯ ಲೆಕ್ಕ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಹೋಗುವ ಸೈಕಲ್ಲನ್ನು ಎರಡು ಬಲಗಳು ಹಿಂದಕ್ಕೆಳೆಯುತ್ತವೆ. ಒಂದು, ಟೈರು ಉರುಳುವಾಗಿನ ಘರ್ಷಣೆ. ಇನ್ನೊಂದು, ಗಾಳಿಯ ತಡೆ.

ಸವಾರ 65 ಕಿ.ಗ್ರಾಂ., ಸೈಕಲ್ಲು ಮತ್ತು ಮೋಟರು 25 ಕಿ.ಗ್ರಾಂ., ಬ್ಯಾಟರಿ 10 ಕಿ.ಗ್ರಾಂ., ಒಟ್ಟು 100 ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಉರುಳು ಘರ್ಷಣೆಯ ಗುಣಾಂಕ ಸುಮಾರು 0.01. ಆದ್ದರಿಂದ ಘರ್ಷಣೆಯ ಬಲ 100 × 9.8 × 0.01 = 9.8 ನ್ಯೂಟನ್.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಈ ಬಲ ಸುಮಾರು 0.36 × ವೇಗ² ನ್ಯೂಟನ್ ಆಗುತ್ತದೆ. ಇಲ್ಲಿ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರು ಎಂದು ತೆಗೆದುಕೊಳ್ಳಬೇಕು. ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ 6.94 ಮೀಟರು. ಆಗ ಗಾಳಿಯ ತಡೆ ಸುಮಾರು 17.3 ನ್ಯೂಟನ್. ಎರಡೂ ಸೇರಿ 27 ನ್ಯೂಟನ್.

ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ: 27 × 6.94 = ಸುಮಾರು 190 ವಾಟ್. ಇದು ಚಕ್ರಕ್ಕೆ ಮುಟ್ಟಬೇಕಾದ ಸಾಮರ್ಥ್ಯ. ಮೋಟರು, ನಿಯಂತ್ರಕ, ಚೈನು ಇವೆಲ್ಲವುಗಳ ನಷ್ಟ ಕಳೆದು ಒಟ್ಟು ದಕ್ಷತೆ ಶೇಕಡ 75 ಎಂದುಕೊಂಡರೆ ಬ್ಯಾಟರಿ ಕೊಡಬೇಕಾದುದು ಸುಮಾರು 250 ವಾಟ್.

ಇದೇ ಸೈಕಲ್ಲು ಗಂಟೆಗೆ 40 ಕಿ.ಮೀ. ಓಡಬೇಕೆಂದರೆ? ಗಾಳಿಯ ತಡೆ 44 ನ್ಯೂಟನ್ನಿಗೆ ಏರುತ್ತದೆ. ಬ್ಯಾಟರಿಯಿಂದ 800 ವಾಟ್ ಬೇಕಾಗುತ್ತದೆ. ವೇಗ ಒಂದೂವರೆ ಪಟ್ಟು ಸ್ವಲ್ಪ ಮೀರಿದ್ದಕ್ಕೆ ಸಾಮರ್ಥ್ಯ ಮೂರು ಪಟ್ಟಿಗಿಂತ ಹೆಚ್ಚು! ಸೈಕಲ್ಲಿನ ಬ್ರೇಕು, ರಿಮ್ಮು ಕೂಡ ಆ ವೇಗಕ್ಕೆ ಮಾಡಿದವಲ್ಲ. ನಮ್ಮ ದೇಶದ ಮೋಟಾರು ವಾಹನ ನಿಯಮಗಳೂ ಇಲ್ಲಿಯೇ ಗೆರೆ ಎಳೆದಿವೆ. ಮೋಟರಿನ 30 ನಿಮಿಷದ ಸಾಮರ್ಥ್ಯ 250 ವಾಟಿಗಿಂತ ಕಡಿಮೆ ಮತ್ತು ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಅಂಥ ಬ್ಯಾಟರಿ ವಾಹನ ನಿಯಮಗಳ ಪ್ರಕಾರ ಮೋಟಾರು ವಾಹನವೆನಿಸುವುದಿಲ್ಲ. ಅದನ್ನು ಮೀರಿದರೆ ನೋಂದಣಿ, ಪರವಾನಗಿ, ವಿಮೆ ಎಲ್ಲವೂ ಬೇಕು. ಆದ್ದರಿಂದ ನಮ್ಮ ಗುರಿ 250 ವಾಟ್, ಗಂಟೆಗೆ 25 ಕಿ.ಮೀ.ನೊಳಗೇ ಇರಲಿ.

ಮೋಟರು ತಿರುಗುವುದು ಹೇಗೆ?

ವಿದ್ಯುತ್ತಿನಿಂದ ತಿರುಗುವ ಚಲನೆ ಪಡೆಯಬಹುದೆಂದು ಮೈಕೇಲ್ ಫ್ಯಾರಡೆ ತೋರಿಸಿದ್ದು 1821ರಲ್ಲಿ. ಕಾಂತಕ್ಷೇತ್ರದಲ್ಲಿಟ್ಟ ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿಯ ಮೇಲೆ ಬಲ ಬೀಳುತ್ತದೆ. ಬಲದ ದಿಕ್ಕನ್ನು ಫ್ಲೆಮಿಂಗನ ಎಡಗೈ ನಿಯಮ ಹೇಳುತ್ತದೆ. ಇದು ಹತ್ತನೆಯ ತರಗತಿಯ ಪಾಠ.

ಪಾಠದ ಮೋಟರಿನಲ್ಲಿ ಸುರುಳಿ ತಿರುಗುತ್ತದೆ, ಕಾಂತ ನಿಂತಿರುತ್ತದೆ. ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸಲು ಕಾರ್ಬನ್ ಬ್ರಷ್ ಮತ್ತು ಕಮ್ಯುಟೇಟರ್ ಬೇಕು. ಇವು ಉಜ್ಜಿ ಸವೆಯುತ್ತವೆ, ಕಿಡಿ ಹಾರಿಸುತ್ತವೆ. ಇಂದಿನ ವಿದ್ಯುತ್ ಸೈಕಲ್ಲುಗಳಲ್ಲಿ ವ್ಯವಸ್ಥೆ ತಿರುವುಮುರುವು. ಸುರುಳಿಗಳು ನಿಂತಿರುತ್ತವೆ, ಕಾಂತಗಳು ತಿರುಗುತ್ತವೆ. ಇದೇ ಬ್ರಷ್ ಇಲ್ಲದ ಮೋಟರು, ಅಂದರೆ ಬಿ.ಎಲ್.ಡಿ.ಸಿ. ಮೋಟರು. ಯಾವ ಕ್ಷಣದಲ್ಲಿ ಯಾವ ಸುರುಳಿಗೆ ವಿದ್ಯುತ್ ಕೊಡಬೇಕು ಎಂಬುದನ್ನು ಎಲೆಕ್ಟ್ರಾನಿಕ್ ನಿಯಂತ್ರಕವೊಂದು ನೋಡಿಕೊಳ್ಳುತ್ತದೆ. ಕಾಂತಗಳು ಎಲ್ಲಿವೆ ಎಂದು ಅದಕ್ಕೆ ತಿಳಿಸುವವು ಹಾಲ್ ಸಂವೇದಕಗಳೆಂಬ ಮೂರು ಪುಟ್ಟ ಬಿಲ್ಲೆಗಳು.

ಮನೆಯಲ್ಲಿ ಮಾಡುವ ಮೋಟರು

ಮನೆಯಲ್ಲಿ ಮಾಡಲು ಸುಲಭವಾದುದು ತಟ್ಟೆಯಾಕಾರದ ಮೋಟರು. ಇದಕ್ಕೆ ಪದರಪದರವಾದ ಕಬ್ಬಿಣದ ತಿರುಳು ಬೇಕಿಲ್ಲ. ಎರಡು ಕಬ್ಬಿಣದ ತಟ್ಟೆಗಳು, ಅವುಗಳ ನಡುವೆ ಸುರುಳಿಗಳ ಒಂದು ತಟ್ಟೆ, ಇಷ್ಟೇ ರಚನೆ.

ಕಬ್ಬಿಣದ ತಟ್ಟೆಗಳು ಸುಮಾರು 18 ಸೆಂ.ಮೀ. ವ್ಯಾಸ, 8 ಮಿ.ಮೀ. ದಪ್ಪದವು. ಲೇತ್ ಇರುವ ಕಡೆ ಮಾಡಿಸಿಕೊಳ್ಳಬಹುದು. ಪ್ರತಿ ತಟ್ಟೆಯ ಅಂಚಿನಲ್ಲಿ 12 ನಿಯೋಡಿಮಿಯಂ ಕಾಂತಗಳನ್ನು ಸಮಾನ ಅಂತರದಲ್ಲಿ ಅಂಟಿಸಬೇಕು. ಅಳತೆ 30 × 20 × 10 ಮಿ.ಮೀ. ಇರಲಿ. ಒಂದರ ಉತ್ತರ ಧ್ರುವ ಮೇಲಿದ್ದರೆ ಪಕ್ಕದ್ದರ ದಕ್ಷಿಣ ಧ್ರುವ ಮೇಲಿರಬೇಕು. ಎರಡು ತಟ್ಟೆಗಳು ಎದುರುಬದುರಾದಾಗ ಉತ್ತರದ ಎದುರು ದಕ್ಷಿಣ ಬರಬೇಕು. ಈ ಕಾಂತಗಳ ಸೆಳೆತ ಬಹಳ ಬಲವಾದದ್ದು, ನಡುವೆ ಬೆರಳು ಸಿಕ್ಕರೆ ಜಜ್ಜಿಹೋದೀತು. ಒಂದೊಂದಾಗಿ, ಮರದ ಹಲಗೆಯ ತಡೆ ಇಟ್ಟುಕೊಂಡು ಜೋಡಿಸಿ.

ನಡುವಿನ ತಟ್ಟೆಯಲ್ಲಿ 9 ಸುರುಳಿಗಳು. 12 ಧ್ರುವಗಳಿಗೆ 9 ಸುರುಳಿಗಳೇ ಏಕೆ? ಒಂದು ಉತ್ತರ, ಒಂದು ದಕ್ಷಿಣ ಸೇರಿ ಒಂದು ಜೋಡಿ. ನಮ್ಮಲ್ಲಿ 6 ಜೋಡಿಗಳಿವೆ. ತಟ್ಟೆ ಒಂದು ಸುತ್ತು ತಿರುಗಿದರೆ ವಿದ್ಯುತ್ತಿನ 6 ಆವರ್ತಗಳು ಮುಗಿಯುತ್ತವೆ. 9 ಸುರುಳಿಗಳ ನಡುವಿನ ಅಂತರ 40 ಡಿಗ್ರಿ. ವಿದ್ಯುತ್ತಿನ ಲೆಕ್ಕದಲ್ಲಿ ಅದು 40 × 6 = 240 ಡಿಗ್ರಿ. ಹೀಗಾಗಿ 1, 4, 7ನೆಯ ಸುರುಳಿಗಳು ಒಂದೇ ಫೇಸಿಗೆ ಸೇರುತ್ತವೆ. 2, 5, 8 ಇನ್ನೊಂದಕ್ಕೆ, 3, 6, 9 ಮತ್ತೊಂದಕ್ಕೆ. ಪಂಪ್‌ಸೆಟ್ಟಿಗೆ ಬರುವ ಮೂರು ಫೇಸುಗಳಂತೆಯೇ ಇಲ್ಲಿಯೂ ಮೂರು ಫೇಸುಗಳಾದವು.

ಒಂದು ಸುರುಳಿಗೆ ಎಷ್ಟು ಸುತ್ತು? ಮೋಟರನ್ನು ಚಕ್ರದ ಗುಂಬದಲ್ಲಿ ಕೂಡಿಸದೆ ಚೌಕಟ್ಟಿಗೆ ಬಿಗಿದು, ಚೈನಿನ ಮೂಲಕ 3ಕ್ಕೆ 1ರಂತೆ ವೇಗ ಇಳಿಸೋಣ. ಸೈಕಲ್ಲಿನ ಚಕ್ರ ಗಂಟೆಗೆ 25 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. ಆಗ ಮೋಟರು 600 ಸುತ್ತು, ಅಂದರೆ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ವಿದ್ಯುತ್ತಿನ ಆವರ್ತಾಂಕ 60 ಹರ್ಟ್ಸ್. ಕಾಂತದ ವಿಸ್ತೀರ್ಣ 0.0006 ಚದರ ಮೀಟರು, ಸುರುಳಿಯ ಜಾಗದಲ್ಲಿ ಕಾಂತಕ್ಷೇತ್ರ ಸುಮಾರು 0.5 ಟೆಸ್ಲಾ. ಆಗ ಒಂದು ಸುತ್ತಿನಲ್ಲಿ ಹುಟ್ಟುವ ಗರಿಷ್ಠ ವೋಲ್ಟೇಜು 2 × 3.14 × 60 × 0.0006 × 0.5 = 0.11 ವೋಲ್ಟ್. 36 ವೋಲ್ಟಿನ ಬ್ಯಾಟರಿಗೆ ಒಂದು ಫೇಸಿನಲ್ಲಿ ಸುಮಾರು 17 ವೋಲ್ಟ್ ಹುಟ್ಟಬೇಕು. ಸುರುಳಿಯ ಎಲ್ಲ ಸುತ್ತುಗಳಿಗೂ ಪೂರ್ಣ ಕಾಂತಕ್ಷೇತ್ರ ಸಿಗದಿರುವುದನ್ನು ಲೆಕ್ಕಕ್ಕೆ ಹಿಡಿದರೆ ಫೇಸಿಗೆ 180 ಸುತ್ತು, ಸುರುಳಿಗೆ 60 ಸುತ್ತು ಎಂದಾಗುತ್ತದೆ.

ತಂತಿ 1.4 ಮಿ.ಮೀ. ವ್ಯಾಸದ ಎನಾಮಲ್ ತಾಮ್ರ. ರಿವೈಂಡಿಂಗ್ ಅಂಗಡಿಯಲ್ಲಿ 17 ಗೇಜ್ ಎಂದು ಕೇಳಿ. ಮರದ ಅಚ್ಚಿನ ಮೇಲೆ ಒಂದೇ ದಿಕ್ಕಿನಲ್ಲಿ, ಬಿಗಿಯಾಗಿ ಒಂಬತ್ತನ್ನೂ ಸುತ್ತಬೇಕು. ಬಳಿಕ ವೃತ್ತಾಕಾರವಾಗಿ ಜೋಡಿಸಿ, ರಾಳ ಸುರಿದು ಸುಮಾರು 11 ಮಿ.ಮೀ. ದಪ್ಪದ ಗಟ್ಟಿ ಬಿಲ್ಲೆ ಮಾಡಬೇಕು. ಕಾಂತಕ್ಕೂ ಬಿಲ್ಲೆಗೂ ನಡುವೆ ಎರಡೂ ಕಡೆ ಒಂದೂವರೆ ಮಿ.ಮೀ. ಸಂದು ಬಿಡಬೇಕು. ಹಾಲ್ ಸಂವೇದಕ ಮೂರನ್ನು 20 ಡಿಗ್ರಿ ಅಂತರದಲ್ಲಿ ಕೂಡಿಸಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಅದು 120 ಡಿಗ್ರಿ.

ತಿರುಗಿಸಿದರೆ ವಿದ್ಯುತ್, ವಿದ್ಯುತ್ ಕೊಟ್ಟರೆ ತಿರುಗುವಿಕೆ

ಮೋಟರು ಸರಿಯಾಗಿದೆಯೇ ಎಂದು ಬ್ಯಾಟರಿ ಕೊಳ್ಳುವ ಮೊದಲೇ ತಿಳಿಯಬಹುದು. ಕೊಪ್ಪಳ ತಾಲ್ಲೂಕಿನದೇ ಆದ ಮುನಿರಾಬಾದಿನಲ್ಲಿ, ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ವಿದ್ಯುದಾಗಾರದಲ್ಲಿ ನೀರು ಯಂತ್ರವನ್ನು ತಿರುಗಿಸುತ್ತದೆ, ವಿದ್ಯುತ್ ಹುಟ್ಟುತ್ತದೆ. ನಮ್ಮ ಮೋಟರೂ ಹಾಗೆಯೇ. ಅದರ ಅಕ್ಷವನ್ನು ಡ್ರಿಲ್ಲಿಂಗ್ ಯಂತ್ರಕ್ಕೆ ಸಿಕ್ಕಿಸಿ ನಿಮಿಷಕ್ಕೆ 600 ಸುತ್ತು ತಿರುಗಿಸಿ. ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗಿಟ್ಟು ಎರಡು ಫೇಸುಗಳ ನಡುವೆ ಅಳೆಯಿರಿ. ಸುಮಾರು 20 ವೋಲ್ಟ್ ಬರಬೇಕು. ಮೂರು ಜೋಡಿಗಳಲ್ಲೂ ಒಂದೇ ಅಳತೆ ಬಂದರೆ ಸುರುಳಿಗಳ ಜೋಡಣೆ ಸರಿಯಿದೆ. ಒಂದು ಕಡೆ ಕಡಿಮೆ ಬಂದರೆ ಯಾವುದೋ ಸುರುಳಿ ತಿರುವುಮುರುವಾಗಿದೆ.

ಹೀಗೆ ತಿರುಗುವಾಗ ಹುಟ್ಟುವ ವಿದ್ಯುತ್ತು ಮೋಟರಾಗಿ ಓಡುವಾಗಲೂ ಹುಟ್ಟುತ್ತಲೇ ಇರುತ್ತದೆ, ಬ್ಯಾಟರಿಗೆ ಎದುರಾಗಿ. ಇದು ಮೋಟರಿನ ರಕ್ಷಕ. ಎರಡು ಫೇಸುಗಳ ತಂತಿಯ ರೋಧ ಸುಮಾರು 0.66 ಓಮ್. ಓಡುವಾಗ 7 ಆಂಪಿಯರ್ ಹರಿದರೆ ಶಾಖವಾಗಿ ನಷ್ಟವಾಗುವುದು 7 × 7 × 0.66 = 32 ವಾಟ್. ಇದನ್ನು ತಡೆದುಕೊಳ್ಳಬಹುದು. ಆದರೆ ನಿಂತ ಸೈಕಲ್ಲಿನಲ್ಲಿ ಎದುರು ವೋಲ್ಟೇಜು ಸೊನ್ನೆ. ಆಗ 36 ವೋಲ್ಟನ್ನು ನೇರವಾಗಿ ಕೊಟ್ಟರೆ 36 ÷ 0.66 = 54 ಆಂಪಿಯರ್! ತಂತಿ ಸುಟ್ಟೀತು. ಆದ್ದರಿಂದ ನಿಯಂತ್ರಕಕ್ಕೆ ಪ್ರವಾಹದ ಮಿತಿ ಇರಲೇಬೇಕು. ಹೊರಡುವಾಗ ನಾಲ್ಕು ಸಲ ಪೆಡಲ್ ತುಳಿದು ವೇಗ ಬಂದ ಮೇಲೆ ಮೋಟರಿಗೆ ಕೆಲಸ ಕೊಡುವುದು ಒಳ್ಳೆಯ ರೂಢಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತತ್ವ ಕಳೆದುಕೊಳ್ಳತೊಡಗುತ್ತವೆ ಎಂಬುದನ್ನೂ ನೆನಪಿಡಿ.

ನಿಯಂತ್ರಕವನ್ನು ಮಾತ್ರ 36 ವೋಲ್ಟ್, 250 ವಾಟಿನ ಸಿದ್ಧ ಪೆಟ್ಟಿಗೆಯಾಗಿ ಕೊಳ್ಳುವುದೇ ಲೇಸು.

ಬ್ಯಾಟರಿ: ಎಷ್ಟು ವಾಟ್-ಗಂಟೆ?

ಈಗ ಮುಖ್ಯ ವಿಷಯಕ್ಕೆ ಬರೋಣ. 36 ವೋಲ್ಟ್ ಎಂಬುದು ಬ್ಯಾಟರಿಯ ಒತ್ತಡವನ್ನಷ್ಟೇ ಹೇಳುತ್ತದೆ. ಅದರಲ್ಲಿ ಎಷ್ಟು ಶಕ್ತಿ ತುಂಬಿದೆ ಎಂದು ತಿಳಿಯಲು ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಬೇಕು. ಆಗ ಬರುವುದು ವಾಟ್-ಗಂಟೆ. ಇಂಥ ಸಾವಿರ ವಾಟ್-ಗಂಟೆಗಳೇ ಮನೆಯ ಮೀಟರಿನ ಒಂದು ಯೂನಿಟ್.

ಗಂಟೆಗೆ 25 ಕಿ.ಮೀ. ಹೋಗಲು 250 ವಾಟ್ ಎಂದರೆ ಒಂದು ಕಿ.ಮೀ.ಗೆ 10 ವಾಟ್-ಗಂಟೆ. ಅಳವಂಡಿಯಿಂದ ಕೊಪ್ಪಳಕ್ಕೆ ಒಂದು ಕಡೆಯ ದಾರಿಯನ್ನು ಲೆಕ್ಕದ ಅನುಕೂಲಕ್ಕೆ 20 ಕಿ.ಮೀ. ಎಂದು ಹಿಡಿಯೋಣ. ಹೋಗಲು 200 ವಾಟ್-ಗಂಟೆ ಬೇಕು. ಬರಲೂ 200 ಸಾಕೇ?

ಸಾಲದು. ಅಳವಂಡಿ ಇರುವುದು ಕೊಪ್ಪಳದ ಪಶ್ಚಿಮ ದಿಕ್ಕಿಗೆ. ಮುಂಗಾರಿನ ತಿಂಗಳುಗಳಲ್ಲಿ ಈ ಬಯಲಿನಲ್ಲಿ ಪಡುವಣದಿಂದ ಜೋರು ಗಾಳಿ ಬೀಸುತ್ತದೆ. ಕೊಪ್ಪಳ, ಗದಗ ಜಿಲ್ಲೆಗಳಲ್ಲಿ ಗಾಳಿಯಂತ್ರಗಳು ಎದ್ದಿರುವುದೂ ಇದೇ ಗಾಳಿಯನ್ನು ನಂಬಿ. ಸಂಜೆ ಊರಿಗೆ ಮರಳುವವನಿಗೆ ಇದು ಎದುರುಗಾಳಿ. ಗಾಳಿ ಗಂಟೆಗೆ 15 ಕಿ.ಮೀ. ವೇಗದಿಂದ ಎದುರಿಗೆ ಬಂದರೆ 250 ವಾಟಿನಲ್ಲಿ ಸೈಕಲ್ಲಿನ ವೇಗ ಗಂಟೆಗೆ ಸುಮಾರು 17 ಕಿ.ಮೀ.ಗೆ ಇಳಿಯುತ್ತದೆ. ಕಿ.ಮೀ. ಒಂದಕ್ಕೆ 14.5 ವಾಟ್-ಗಂಟೆ, 20 ಕಿ.ಮೀ.ಗೆ 290. ಬೆಳಿಗ್ಗೆ ಗಾಳಿ ನಿಂತಿತ್ತೆಂದುಕೊಂಡರೂ ಒಟ್ಟು 490 ವಾಟ್-ಗಂಟೆ ಬೇಕಾಯಿತು. ನಮ್ಮ ಬ್ಯಾಟರಿಯನ್ನು ಈ ಸಂಖ್ಯೆಗೆ ಆರಿಸಬೇಕು. ಅನುಕೂಲದ ದಿನಕ್ಕೆ ಆರಿಸಿದ ಬ್ಯಾಟರಿ ಪ್ರತಿಕೂಲದ ದಿನ ಕೈಕೊಡುತ್ತದೆ.

ಸೀಸವೋ, ಲಿಥಿಯಮ್ಮೋ?

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಓಡಿದ್ದೂ ಸೀಸ-ಆಮ್ಲ ಬ್ಯಾಟರಿಯ ಮೇಲೆಯೇ. ಬೆಲೆ ಕಡಿಮೆ, ಎಲ್ಲೆಡೆ ಸಿಗುತ್ತದೆ. ಹಾಗಾಗಿ ಹೊಸಬರು ಯು.ಪಿ.ಎಸ್.ನಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಮೂರು ಬ್ಯಾಟರಿ ತಂದು ಜೋಡಿಸುತ್ತಾರೆ. 36 × 7 = 252 ವಾಟ್-ಗಂಟೆ, ಆದ್ದರಿಂದ 25 ಕಿ.ಮೀ. ಹೋಗಬಹುದು ಎಂಬುದು ಅವರ ಲೆಕ್ಕ. ಆದರೆ 15 ಕಿ.ಮೀ. ಹೋಗುವಷ್ಟರಲ್ಲಿ ಬ್ಯಾಟರಿ ಪೂರ್ತಿ ಬರಿದಾಗುತ್ತದೆ.

ಲೆಕ್ಕ ತಪ್ಪಿದ್ದೆಲ್ಲಿ? ಆ 7 ಆಂಪಿಯರ್-ಗಂಟೆ ಎಂಬುದು 20 ಗಂಟೆಗಳ ಕಾಲ ನಿಧಾನವಾಗಿ, 0.35 ಆಂಪಿಯರಿನಂತೆ ಬಳಸಿದಾಗ ಸಿಗುವ ಪ್ರಮಾಣ. ನಮ್ಮ ಮೋಟರು ಎಳೆಯುವುದು 7 ಆಂಪಿಯರ್. ಬೇಗ ಎಳೆದಷ್ಟೂ ಸೀಸ-ಆಮ್ಲ ಬ್ಯಾಟರಿ ಕೊಡುವುದು ಕಡಿಮೆ. ಆಮ್ಲ ಫಲಕದ ಸಣ್ಣ ರಂಧ್ರಗಳೊಳಗೆ ಇಳಿದು ಕ್ರಿಯೆ ನಡೆಸಲು ಸಮಯ ಸಾಲದು. ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲಿಯೇ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ಇದರ ಮೇಲೆ ಪ್ರತಿ ಸಲ ಪೂರ್ತಿ ಬರಿದು ಮಾಡಿದರೆ ಈ ಬ್ಯಾಟರಿ ಇನ್ನೂರು, ಮುನ್ನೂರು ಆವರ್ತಗಳಲ್ಲೇ ಸೋಲುತ್ತದೆ. ಒಟ್ಟಿನಲ್ಲಿ, ಸೀಸ-ಆಮ್ಲ ಬ್ಯಾಟರಿಯ ಮೇಲೆ ಬರೆದುದರಲ್ಲಿ ಅರ್ಧವಷ್ಟೇ ನಮ್ಮದು ಎಂದು ತಿಳಿಯುವುದು ಕ್ಷೇಮ. 490 ವಾಟ್-ಗಂಟೆ ಬೇಕಾದರೆ ಸುಮಾರು 980ರ ಬ್ಯಾಟರಿ ತರಬೇಕು. ಅಂದರೆ 12 ವೋಲ್ಟ್, 26 ಆಂಪಿಯರ್-ಗಂಟೆಯ ಮೂರು, ತೂಕ 25 ಕಿ.ಗ್ರಾಂ.ಗೂ ಹೆಚ್ಚು. ಇದು ಸೈಕಲ್ಲಿನ ಹೊರೆಯಲ್ಲ.

ಲಿಥಿಯಂ-ಅಯಾನ್ ಕೋಶಗಳು 1991ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳಿಗೆ ತಳಹದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಂ ಮತ್ತು ಯೋಶಿನೋ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಇವುಗಳಲ್ಲಿ ಎರಡು ಬಗೆ ನಮಗೆ ಮುಖ್ಯ.

ಮೊದಲನೆಯದು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್.ಎಂ.ಸಿ. ಒಂದು ಕೋಶಕ್ಕೆ 3.6 ವೋಲ್ಟ್, ಹತ್ತು ಕೋಶಗಳ ಸರಣಿಗೆ 36 ವೋಲ್ಟ್. ಬಲು ಹಗುರ. ನಮಗೆ ಬೇಕಾದ ಶಕ್ತಿ ಸುಮಾರು 4 ಕಿ.ಗ್ರಾಂ.ನಲ್ಲಿ ಅಡಗುತ್ತದೆ. ಆದರೆ ಅತಿಯಾಗಿ ಕಾದರೆ ಧನಾಗ್ರದ ವಸ್ತುವಿನಿಂದಲೇ ಆಮ್ಲಜನಕ ಬಿಡುಗಡೆಯಾಗಿ ಬೆಂಕಿಗೆ ನೆರವಾಗುತ್ತದೆ.

ಎರಡನೆಯದು ಲಿಥಿಯಂ ಕಬ್ಬಿಣದ ಫಾಸ್ಫೇಟ್, ಎಲ್.ಎಫ್.ಪಿ. ಇದನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದ ಲೇಖಕರು ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜೆ.ಬಿ. ಗುಡ್‌ಇನಫ್. ಇದರಲ್ಲಿ ಆಮ್ಲಜನಕ ರಂಜಕದೊಂದಿಗೆ ಬಲವಾದ ಬಂಧದಿಂದ ಕೂಡಿರುವುದರಿಂದ ಶಾಖಕ್ಕೆ ಸುಲಭವಾಗಿ ಬಿಡಿಸಿಕೊಳ್ಳದು. ಎರಡು ಸಾವಿರದಷ್ಟು ಆವರ್ತ ಬಾಳುತ್ತದೆ. ಕೋಶಕ್ಕೆ 3.2 ವೋಲ್ಟ್, 12 ಕೋಶಗಳಿಗೆ 38.4 ವೋಲ್ಟ್. 15 ಆಂಪಿಯರ್-ಗಂಟೆಯದನ್ನು ಆರಿಸಿದರೆ 576 ವಾಟ್-ಗಂಟೆ. ಅದರ ಶೇಕಡ 85ನ್ನು ಮಾತ್ರ ಬಳಸಿದರೂ 490 ಸಿಗುತ್ತದೆ. ತೂಕ ಸುಮಾರು 6 ಕಿ.ಗ್ರಾಂ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಗೆ ಇದೇ ತಕ್ಕುದು. ಒಮ್ಮೆ ಕೊಡುವ ಬೆಲೆ ಸೀಸಕ್ಕಿಂತ ಹೆಚ್ಚಾದರೂ ಆವರ್ತಗಳಿಂದ ಭಾಗಿಸಿ ನೋಡಿದರೆ ಸೀಸವೇ ದುಬಾರಿ. ಒಮ್ಮೆ ಪೂರ್ತಿ ತುಂಬಲು ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಡ. 3 ಆಂಪಿಯರಿನ ಚಾರ್ಜರಿಗೆ ಐದು ಗಂಟೆ ಹಿಡಿಯುತ್ತದೆ.

ಇವಿಷ್ಟು ಎಚ್ಚರಿಕೆ

ಮೋಟರು ಮನೆಯಲ್ಲಿ ಮಾಡಿ, ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಜೋಡಿಸಬೇಡಿ. ಮೋಟರಿನ ತಪ್ಪು ಸುರುಳಿಯನ್ನು ಸುಡುತ್ತದೆ, ಬ್ಯಾಟರಿಯ ತಪ್ಪು ಮನೆಯನ್ನೇ ಸುಡಬಹುದು. ಹಳೆಯ ಲ್ಯಾಪ್‌ಟಾಪ್ ಕೋಶಗಳನ್ನು ಬಿಚ್ಚಿ ಬೆಸೆಯುವ ಸಾಹಸವಂತೂ ಬೇಡವೇ ಬೇಡ. ದೇಶದಲ್ಲಿ 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಘಟನೆಗಳ ಬಳಿಕ ವಾಹನ ಬ್ಯಾಟರಿಗಳ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಲಾಯಿತು. ಕಾರ್ಖಾನೆಗಳಿಗೇ ಇಷ್ಟು ಎಚ್ಚರ ಬೇಕಾದಾಗ ಅಡುಗೆಮನೆಯ ಮೇಜಿನ ಮೇಲೆ ಜೋಡಿಸುವವನ ಪಾಡೇನು?

ಕೊಳ್ಳುವ ಪೆಟ್ಟಿಗೆಯಲ್ಲಿ ಬಿ.ಎಂ.ಎಸ್. ಎಂಬ ರಕ್ಷಣಾ ಮಂಡಲ ಇದೆಯೇ ಎಂದು ಕೇಳಿ. ಸರಣಿಯ ಪ್ರತಿ ಕೋಶದ ವೋಲ್ಟೇಜನ್ನು ಅದು ಕಾಯುತ್ತದೆ, ಯಾವುದೇ ಒಂದು ಕೋಶ ಮಿತಿ ದಾಟಿದರೂ ಸಂಪರ್ಕ ಕಡಿಯುತ್ತದೆ. ಚಾರ್ಜರು ಆ ಬ್ಯಾಟರಿಯದೇ ಆಗಿರಲಿ. ಹತ್ತು ಕೋಶಗಳ ಎನ್.ಎಂ.ಸಿ. 42 ವೋಲ್ಟಿಗೆ ತುಂಬುತ್ತದೆ, ಹನ್ನೆರಡು ಕೋಶಗಳ ಎಲ್.ಎಫ್.ಪಿ. 43.8 ವೋಲ್ಟಿಗೆ. ಒಂದರದು ಇನ್ನೊಂದಕ್ಕೆ ಹಾಕಿದರೆ ಅಪಾಯ. ಬ್ಯಾಟರಿಯ ಧನ ತುದಿಯ ಹತ್ತಿರವೇ 20 ಆಂಪಿಯರಿನ ಫ್ಯೂಸ್ ಇರಲಿ. ಬಿಸಿಲಿನಲ್ಲಿ ನಿಂತ ಸೈಕಲ್ಲಿನ ಬ್ಯಾಟರಿಯನ್ನು ತಣಿದ ಮೇಲೆಯೇ ಚಾರ್ಜಿಗೆ ಹಾಕಿ. ಮಲಗುವ ಕೋಣೆಯಲ್ಲಿ, ರಾತ್ರಿಯಿಡೀ ಬೇಡ. ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಾಟಗಾರರಿಗೆ ಮರಳಿಸಿ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ.

ಶಾಲೆಯಲ್ಲಿ ಮಾಡಿ ನೋಡಿ

ಸೈಕಲ್ಲು ಕಟ್ಟಲು ಹಣ, ಸಮಯ ಬೇಕು. ಅದಕ್ಕೂ ಮೊದಲು ಎರಡು ಸಣ್ಣ ಪ್ರಯೋಗಗಳನ್ನು ತರಗತಿಯಲ್ಲೇ ಮಾಡಬಹುದು.

1. ಸೈಕಲ್ಲಿನ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಮುಂದಿನಿಂದ ಸ್ಪ್ರಿಂಗ್ ತಕ್ಕಡಿಯ ಮೂಲಕ ಹಗ್ಗ ಕಟ್ಟಿ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ನಿಧಾನವಾಗಿ, ಒಂದೇ ವೇಗದಿಂದ ಎಳೆಯಿರಿ. ತಕ್ಕಡಿಯ ಓದನ್ನು ಒಟ್ಟು ತೂಕದಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕ ಸಿಗುತ್ತದೆ. ಟೈರಿನ ಗಾಳಿ ಇಳಿಸಿ ಮತ್ತೆ ಅಳೆಯಿರಿ. ಎರೆಹೊಲದ ಬದುವಿನ ದಾರಿಯಲ್ಲಿ ಅಳೆಯಿರಿ. ಗಾಳಿ ಹೊಡೆಸುವ ಕಾಸಿನಲ್ಲಿ ಎಷ್ಟು ವಾಟ್-ಗಂಟೆ ಉಳಿಯುತ್ತದೆಂದು ಮಕ್ಕಳೇ ಹೇಳುತ್ತಾರೆ.

2. 12 ವೋಲ್ಟ್, 7 ಆಂಪಿಯರ್-ಗಂಟೆಯ ಯು.ಪಿ.ಎಸ್. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ವಾಹನದ 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಉರಿಸಿ. ವೋಲ್ಟೇಜು 10.5ಕ್ಕೆ ಇಳಿದ ಕೂಡಲೇ ನಿಲ್ಲಿಸಿ ಸಮಯ ಬರೆದುಕೊಳ್ಳಿ. ಇನ್ನೊಂದು ದಿನ 21 ವಾಟಿನ ಇಂಡಿಕೇಟರ್ ಬಲ್ಬಿನಿಂದ ಇದನ್ನೇ ಮಾಡಿ. ಗುಣಾಕಾರದ ಲೆಕ್ಕದಲ್ಲಿ ಮೊದಲನೆಯದು ಒಂದೂವರೆ ಗಂಟೆ, ಎರಡನೆಯದು ನಾಲ್ಕು ಗಂಟೆ ಉರಿಯಬೇಕು. ಉರಿದದ್ದೆಷ್ಟು? ಎರಡರಲ್ಲಿ ಯಾವುದು ಲೆಕ್ಕದಿಂದ ಹೆಚ್ಚು ದೂರ ಸರಿಯಿತು?

ಈ ಎರಡು ಉತ್ತರಗಳನ್ನು ತಾನೇ ಅಳೆದು ಕಂಡುಕೊಂಡ ವಿದ್ಯಾರ್ಥಿ ಮುಂದೆ ಯಾವ ಅಂಗಡಿಯಲ್ಲೂ ಮೋಸ ಹೋಗಲಾರ. ಅವನ ಸೈಕಲ್ಲು ಎದುರುಗಾಳಿಯ ಸಂಜೆಯಲ್ಲೂ ಮನೆ ಮುಟ್ಟುತ್ತದೆ.